ಮೋಡದ ಲೆಕ್ಕದಿಂದ ಮನಸ್ಸಿನ ಮದ್ದಿನವರೆಗೆ

ನಮ್ಮ ಹಿರಿಯರಿಗೆ ಮಳೆಯ ವಿದ್ಯೆಯೂ ಮದ್ದಿನ ವಿದ್ಯೆಯೂ ನೆರೆಮನೆಯ ವಿದ್ಯೆಗಳಾಗಿದ್ದವು. ಚಾಲುಕ್ಯ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ, ಚಾವುಂಡರಾಯನೆಂಬ ಕವಿ ಕನ್ನಡದಲ್ಲಿ 'ಲೋಕೋಪಕಾರ'ವೆಂಬ ಗ್ರಂಥವನ್ನು ರಚಿಸಿದನು. ಈತನು ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನಲ್ಲ, ಅವನ ನಂತರದವನು. ಪಂಚಾಂಗ, ನೆಲದೊಳಗಿನ ನೀರಿನ ಸೆಲೆಯನ್ನು ಗುರುತಿಸುವ ಬಗೆ, ವೃಕ್ಷಾಯುರ್ವೇದ, ಪಾಕಶಾಸ್ತ್ರ, ವಿಷವೈದ್ಯ ಇವೆಲ್ಲವೂ ಅಲ್ಲಿ ಒಂದೇ ಹೊತ್ತಗೆಯ ಪ್ರಕರಣಗಳಾಗಿ ಕುಳಿತಿವೆ. ಆಯುರ್ವೇದವಂತೂ ಋತುಚರ್ಯೆಯನ್ನು ಹೇಳದೆ ಆರೋಗ್ಯದ ಮಾತನ್ನೇ ಮುಂದುವರಿಸುವುದಿಲ್ಲ. ಆಕಾಶದಲ್ಲಿ ಏನು ನಡೆಯುತ್ತಿದೆ ಎಂಬುದಕ್ಕೂ ಮನುಷ್ಯನ ಒಳಗೆ ಏನು ನಡೆಯುತ್ತಿದೆ ಎಂಬುದಕ್ಕೂ ಸಂಬಂಧವುಂಟೆಂದು ತಿಳಿದವರು ಅವರು.

ಇಂದಿನ ವಿದ್ಯಾಭ್ಯಾಸದಲ್ಲಿ ವಿದ್ಯೆಗಳ ನಡುವೆ ಗೋಡೆಗಳೆದ್ದಿವೆ. ಹವಾಮಾನ ತಿಳಿದವನು ಹವಾಮಾನ ಇಲಾಖೆಯಲ್ಲಿ, ಮನಸ್ಸಿನ ನೋವು ತಿಳಿದವನು ಆಸ್ಪತ್ರೆಯಲ್ಲಿ, ಗಣಿತ ತಿಳಿದವನು ಕಾಲೇಜಿನಲ್ಲಿ. ಈ ಗೋಡೆಗಳನ್ನು ಒಂದೊಂದಾಗಿ ದಾಟಿ, ಹವಾಮಾನದ ಮುನ್ಸೂಚನೆಯಿಂದ ಹೊರಟು, ಜನಾಂಗಗಳ ನಡುವಣ ದ್ವೇಷವೆಂಬ ರೋಗಕ್ಕೆ ಮದ್ದನ್ನು ಹುಡುಕುವ ಕೆಲಸದಲ್ಲಿ ಬದುಕನ್ನು ಮುಗಿಸಿದ ಮಹನೀಯರೊಬ್ಬರ ಚರಿತ್ರೆಯನ್ನು ಈ ಸಂಚಿಕೆಯ ಓದುಗರ ಮುಂದಿಡಲು ಬಯಸಿದ್ದೇವೆ. ಅವರು ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್. ಗಡಿನಾಡಿನ ಕನ್ನಡಿಗರ ಸಂಚಿಕೆಯಲ್ಲಿ ಆಂಗ್ಲ ವಿಜ್ಞಾನಿಯ ಮಾತೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಅವರ ಕೊನೆಯ ಅಧ್ಯಯನಗಳಲ್ಲಿ ಒಂದರ ವಿಷಯವೇ ಗಡಿ ಎಂಬುದನ್ನು ಸದ್ಯಕ್ಕೆ ಹೇಳಿಡುತ್ತೇವೆ.

ರಿಚರ್ಡ್‌ಸನ್ನರು ಹುಟ್ಟಿದ್ದು 1881ರ ಅಕ್ಟೋಬರ್ 11ರಂದು, ಇಂಗ್ಲೆಂಡಿನ ಉತ್ತರ ಭಾಗದ ನ್ಯೂಕ್ಯಾಸಲ್ ನಗರದಲ್ಲಿ. ತಂದೆಯದು ಚರ್ಮ ಹದಮಾಡುವ ಉದ್ಯಮ. ಏಳು ಮಕ್ಕಳಲ್ಲಿ ಇವರೇ ಕಿರಿಯರು. ಮನೆತನವು ಕ್ವೇಕರ್ ಪಂಥಕ್ಕೆ ಸೇರಿದ್ದು. ಯಾವ ಕಾರಣಕ್ಕೂ ಯುದ್ಧದಲ್ಲಿ ಆಯುಧ ಹಿಡಿಯಬಾರದೆಂಬುದು ಆ ಪಂಥದವರ ನಿಷ್ಠೆ. ಯಾರ್ಕ್ ನಗರದ ಕ್ವೇಕರ್ ಶಾಲೆಯಲ್ಲಿ ಓದಿ, ಮುಂದೆ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ 1903ರಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದರು. ಅಲ್ಲಿ ಅವರು ಭೌತಶಾಸ್ತ್ರದ ಜೊತೆಗೆ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳನ್ನೂ ಅಭ್ಯಾಸ ಮಾಡಿದ್ದರು.

ಅನಂತರದ ಹತ್ತು ವರ್ಷಗಳಲ್ಲಿ ಅವರು ಹಿಡಿದು ಬಿಟ್ಟ ಉದ್ಯೋಗಗಳ ಪಟ್ಟಿಯನ್ನು ನೋಡಿದರೆ ನಮ್ಮ ಪಾಲಕರು ತಲೆಯ ಮೇಲೆ ಕೈಹೊತ್ತು ಕುಳಿತಾರು. ರಾಷ್ಟ್ರೀಯ ಭೌತ ಪ್ರಯೋಗಾಲಯ, ವೇಲ್ಸ್‌ನ ಕಾಲೇಜು, ಜವುಗು ನೆಲದಿಂದ ಉರುವಲು ತೆಗೆಯುವ ಕಂಪನಿ, ಮತ್ತೆ ಅದೇ ಪ್ರಯೋಗಾಲಯ, ವಿದ್ಯುದ್ದೀಪ ತಯಾರಿಸುವ ಕಂಪನಿ, ಮ್ಯಾಂಚೆಸ್ಟರಿನ ತಾಂತ್ರಿಕ ಕಾಲೇಜು! ಆದರೆ ಈ ಅಲೆದಾಟ ವ್ಯರ್ಥವಾಗಲಿಲ್ಲ. ಜವುಗು ನೆಲದಲ್ಲಿ ನೀರು ಸರಾಗವಾಗಿ ಬಸಿದುಹೋಗಬೇಕಾದರೆ ಕಾಲುವೆಗಳನ್ನು ಹೇಗೆ ತೋಡಬೇಕು ಎಂಬ ಪ್ರಶ್ನೆ ಅವರ ಮುಂದೆ ಬಂದಿತು. ಅದರ ಸಮೀಕರಣಗಳು ಕಾಗದದ ಮೇಲೆ ಬಿಡಿಸಲಾಗದಷ್ಟು ಜಟಿಲವಾಗಿದ್ದವು. ಆಗ ಅವರು ನೆಲವನ್ನು ಚೌಕ ಚೌಕಗಳಾಗಿ ವಿಂಗಡಿಸಿ, ಒಂದೊಂದು ಚೌಕಕ್ಕೂ ಬರಿಯ ಕೂಡು, ಕಳೆ, ಗುಣಿಸು, ಭಾಗಿಸು ಲೆಕ್ಕದಿಂದ ಉತ್ತರದ ಹತ್ತಿರಕ್ಕೆ ಸಾಗುವ ವಿಧಾನವನ್ನು ರೂಪಿಸಿದರು. ಅದೇ ವಿಧಾನದಿಂದ ಕಲ್ಲಿನ ಅಣೆಕಟ್ಟಿನೊಳಗಿನ ಒತ್ತಡಗಳನ್ನೂ ಲೆಕ್ಕ ಹಾಕಿ 1910ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. 1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಹಡಗು ಹಿಮಗಡ್ಡೆಗೆ ಬಡಿದು ಮುಳುಗಿದಾಗ, ಶಬ್ದವನ್ನು ಹೊರಡಿಸಿ ಅದರ ಪ್ರತಿಧ್ವನಿಯಿಂದ ಹಿಮಗಡ್ಡೆಯ ಇರವನ್ನು ಕತ್ತಲಲ್ಲಿಯೂ ಪತ್ತೆಹಚ್ಚುವ ಉಪಾಯಕ್ಕೆ ಕೆಲವೇ ವಾರಗಳಲ್ಲಿ ಹಕ್ಕುಪತ್ರದ ಅರ್ಜಿ ಸಲ್ಲಿಸಿದರು. ಜನರು ಸಾಯುವುದನ್ನು ಬುದ್ಧಿಯಿಂದ ತಪ್ಪಿಸಬಹುದಾದಲ್ಲಿ ಸುಮ್ಮನಿರುವ ಸ್ವಭಾವ ಅವರದಾಗಿರಲಿಲ್ಲ.

1913ರಲ್ಲಿ ಅವರು ಬ್ರಿಟಿಷ್ ಹವಾಮಾನ ಇಲಾಖೆಗೆ ಸೇರಿ, ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್ ಎಂಬ ನಿರ್ಜನ ಗುಡ್ಡಗಾಡಿನ ವೀಕ್ಷಣಾಲಯದ ಮೇಲ್ವಿಚಾರಕರಾದರು. ಆ ಕಾಲದಲ್ಲಿ ಮುನ್ಸೂಚನೆಯೆಂದರೆ ಹಳೆಯ ನಕ್ಷೆಗಳಲ್ಲಿ ಇಂದಿನದನ್ನು ಹೋಲುವ ದಿನವನ್ನು ಹುಡುಕಿ, ಅಂದು ಆದದ್ದೇ ಇಂದೂ ಆದೀತೆಂದು ಹೇಳುವುದು. ರೋಹಿಣಿ ಹೀಗೆ ಸುರಿದರೆ ಮೃಗಶಿರ ಹಾಗೆ ಸುರಿದೀತು ಎಂದು ನಮ್ಮ ಕಡೆಯ ರೈತರು ಅನುಭವದಿಂದ ಹೇಳುವ ಮಾತಿನ ಜಾತಿಯದೇ ಅದು. ರಿಚರ್ಡ್‌ಸನ್ನರು ಕೇಳಿದ ಪ್ರಶ್ನೆ ಬೇರೆ. ಗಾಳಿಯೂ ಭೌತಶಾಸ್ತ್ರದ ನಿಯಮಗಳಿಗೆ ಅಧೀನವಾದ ವಸ್ತುವೇ ಆಗಿರುವಾಗ, ಇಂದಿನ ವಾಯುಭಾರ, ಉಷ್ಣಾಂಶ, ತೇವಾಂಶ, ಗಾಳಿಯ ವೇಗಗಳನ್ನು ಹಿಡಿದು ನಾಳಿನದನ್ನು ಲೆಕ್ಕದಿಂದಲೇ ಏಕೆ ಪಡೆಯಬಾರದು? ಜವುಗು ನೆಲದ ಚೌಕಗಳು ಈಗ ಆಕಾಶಕ್ಕೇರಿದವು.

ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಬಂದಿತು. ರಿಚರ್ಡ್‌ಸನ್ನರು ಬಂದೂಕು ಹಿಡಿಯಲು ಒಪ್ಪಲಿಲ್ಲ. ಯುದ್ಧದ ಸಂಕಟಕ್ಕೆ ಬೆನ್ನು ತಿರುಗಿಸಿ ಸುರಕ್ಷಿತವಾಗಿ ಕೂರಲೂ ಒಪ್ಪಲಿಲ್ಲ. 1916ರಲ್ಲಿ ಇಲಾಖೆಯ ಹುದ್ದೆಯನ್ನು ತೊರೆದು, ಕ್ವೇಕರರ ಆಂಬುಲೆನ್ಸ್ ದಳವನ್ನು ಸೇರಿ ಫ್ರಾನ್ಸಿಗೆ ಹೋದರು. ಫ್ರೆಂಚ್ ಪದಾತಿದಳದ ಗಾಯಾಳುಗಳನ್ನು ರಣರಂಗದಿಂದ ಮೋಟಾರು ಗಾಡಿಯಲ್ಲಿ ಆಸ್ಪತ್ರೆಗೆ ಸಾಗಿಸುವುದು ಅವರ ಕೆಲಸ. ಹೀಗೆ ಗಾಯಾಳುಗಳನ್ನು ಹೊತ್ತು ತರುವುದರ ನಡುವೆ ಸಿಕ್ಕ ಬಿಡುವಿನಲ್ಲಿ, ಹುಲ್ಲಿನ ರಾಶಿಯ ಮೇಲೆ ಕುಳಿತು, ಅವರು ಜಗತ್ತಿನ ಮೊತ್ತಮೊದಲ ಗಣಿತಾತ್ಮಕ ಹವಾಮಾನ ಮುನ್ಸೂಚನೆಯನ್ನು ಕೈಯಿಂದ ಲೆಕ್ಕ ಹಾಕಿದರು.

ಅದಕ್ಕಾಗಿ ಆರಿಸಿಕೊಂಡದ್ದು ಕಳೆದುಹೋದ ಒಂದು ದಿನ: 1910ರ ಮೇ 20. ಹ್ಯಾಲಿ ಧೂಮಕೇತು ಭೂಮಿಯ ಸಮೀಪಕ್ಕೆ ಬಂದಿದ್ದ ಆ ದಿನಗಳಲ್ಲಿ ಯುರೋಪಿನ ಅನೇಕ ಕಡೆ ಬಲೂನುಗಳನ್ನು ಹಾರಿಸಿ ಮೇಲ್ಗಾಳಿಯ ಅಳತೆಗಳನ್ನು ತೆಗೆದಿದ್ದರು. ಬೆಳಗಿನ ಏಳು ಗಂಟೆಯ ಅಂಕಿಗಳಿಂದ ಆರಂಭಿಸಿ, ಜರ್ಮನಿಯ ಮ್ಯೂನಿಕ್ ಸುತ್ತಲಿನ ಪ್ರದೇಶದಲ್ಲಿ ಆರು ಗಂಟೆಗಳಲ್ಲಿ ಆಗುವ ಬದಲಾವಣೆಯನ್ನು ಲೆಕ್ಕ ಹಾಕಿದರು. ಈ ಆರು ಗಂಟೆಗಳ ಲೆಕ್ಕಕ್ಕೆ ಹಿಡಿದದ್ದು ಸುಮಾರು ಆರು ವಾರ! ಬಂದ ಉತ್ತರವೋ, ವಾಯುಭಾರ 145 ಮಿಲಿಬಾರ್‌ನಷ್ಟು ಏರುವುದೆಂದು. ಭೂಮಿಯ ಮೇಲೆ ಎಲ್ಲಿಯೂ ಆಗದ ಮಾತು ಅದು. ವಾಸ್ತವವಾಗಿ ಅಂದು ಅಲ್ಲಿ ವಾಯುಭಾರ ಹೆಚ್ಚುಕಡಿಮೆ ಕದಲದೆ ನಿಂತಿತ್ತು.

ಆ ಹಸ್ತಪ್ರತಿಯ ಕಥೆಯೂ ಕೇಳತಕ್ಕದ್ದೇ. 1917ರ ಏಪ್ರಿಲ್‌ನ ಶಾಂಪೇನ್ ಕದನದ ಗಡಿಬಿಡಿಯಲ್ಲಿ ಅದನ್ನು ಹಿಂದಿನ ನೆಲೆಗೆ ಕಳುಹಿಸಿದಾಗ ಕಳೆದುಹೋಯಿತು. ಕೆಲವು ತಿಂಗಳುಗಳ ಮೇಲೆ ಬೆಲ್ಜಿಯಮ್‌ನಲ್ಲಿ ಇದ್ದಿಲ ರಾಶಿಯ ಕೆಳಗೆ ಸಿಕ್ಕಿತು. 1922ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ ಗ್ರಂಥವಾಗಿ ಹೊರಬಂದಾಗ, ತಮ್ಮ ತಪ್ಪು ಮುನ್ಸೂಚನೆಯನ್ನು ಅವರು ಮುಚ್ಚಿಡಲಿಲ್ಲ. ಲೆಕ್ಕದ ಪ್ರತಿ ಹೆಜ್ಜೆಯನ್ನೂ, ಬಂದ ಅಸಂಬದ್ಧ ಉತ್ತರವನ್ನೂ ಹಾಗೆಯೇ ಅಚ್ಚು ಹಾಕಿಸಿದರು. ಮುಂದಿನವರಿಗೆ ಅದರಿಂದಲೇ ದಾರಿಯಾಯಿತು. ಎಷ್ಟೋ ವರ್ಷಗಳ ಮೇಲೆ ಐರ್ಲೆಂಡಿನ ಹವಾಮಾನ ವಿಜ್ಞಾನಿ ಪೀಟರ್ ಲಿಂಚ್ ಅದೇ ಲೆಕ್ಕವನ್ನು ಗಣಕಯಂತ್ರದಲ್ಲಿ ಮತ್ತೆ ಮಾಡಿ ನೋಡಿದರು. ವಿಧಾನ ಸರಿಯಿತ್ತು, ಆರಂಭದ ಅಂಕಿಗಳಲ್ಲಿ ಗಾಳಿಗೂ ವಾಯುಭಾರಕ್ಕೂ ಪರಸ್ಪರ ಹೊಂದಿಕೆಯಿರಲಿಲ್ಲ. ಆ ಹೊಂದಿಕೆಯನ್ನು ತಂದುಕೊಂಡರೆ ಉತ್ತರವೂ ನಂಬತಕ್ಕದ್ದೇ ಬರುತ್ತದೆ ಎಂದು ತೋರಿಸಿಕೊಟ್ಟರು.

ಅದೇ ಗ್ರಂಥದಲ್ಲಿ ರಿಚರ್ಡ್‌ಸನ್ನರು ಒಂದು ಕನಸನ್ನು ಬಣ್ಣಿಸಿದ್ದಾರೆ. ರಂಗಮಂದಿರದಂತಹ ವಿಶಾಲ ಭವನ, ಅದರ ಗೋಡೆಗಳ ಮೇಲೆ ಭೂಗೋಳದ ನಕ್ಷೆ, ತಂತಮ್ಮ ಪ್ರದೇಶದ ಲೆಕ್ಕವನ್ನು ಮಾಡುತ್ತ ಕುಳಿತ 64,000 ಮಂದಿ ಲೆಕ್ಕಿಗರು, ನಡುವೆ ಎತ್ತರದ ಪೀಠದಲ್ಲಿ ನಿಂತು ವಾದ್ಯಗೋಷ್ಠಿಯ ನಾಯಕನಂತೆ ಎಲ್ಲರನ್ನೂ ಒಂದೇ ತಾಳಕ್ಕೆ ನಡೆಸುವ ಒಬ್ಬ ಮೇಲ್ವಿಚಾರಕ. ಇಂದು ಮಹಾಗಣಕಗಳೊಳಗೆ ನಡೆಯುವ ಕೆಲಸ ಬಹುಮಟ್ಟಿಗೆ ಇದೇ. ನಮ್ಮ ದೇಶದಲ್ಲಿಯೂ ಮುಂಗಾರಿನ ಮುನ್ಸೂಚನೆಗಾಗಿ ದಿನದಿನವೂ ಈ ಬಗೆಯ ಲೆಕ್ಕ ನಡೆಯುತ್ತದೆ. ಅಕ್ಕಲಕೋಟೆ, ಜತ್ತ ಕಡೆಯ ರೈತನು ಬಿತ್ತನೆಗೆ ಮುನ್ನ ಮೊಬೈಲಿನಲ್ಲಿ ನೋಡುವ ಮಳೆಯ ಸೂಚನೆಯ ಮೂಲವನ್ನು ಹುಡುಕುತ್ತ ಹಿಂದಕ್ಕೆ ಹೋದರೆ, ಫ್ರಾನ್ಸಿನ ಆ ಹುಲ್ಲಿನ ರಾಶಿಯವರೆಗೆ ದಾರಿಯಿದೆ.

ಇಷ್ಟು ದೊಡ್ಡ ಕೆಲಸ ಮಾಡಿದವರು ಅದೇ ದಾರಿಯಲ್ಲಿ ಮುಂದುವರಿಯಬೇಕಾಗಿತ್ತಲ್ಲವೆ? ಇಲ್ಲಿಂದಲೇ ಅವರ ದಾರಿ ತಿರುಗಿತು. ಯುದ್ಧ ಮುಗಿದ ಮೇಲೆ ಅವರು ಹವಾಮಾನ ಇಲಾಖೆಗೆ ಮರಳಿದ್ದರು. 1920ರಲ್ಲಿ ಸರಕಾರವು ಆ ಇಲಾಖೆಯನ್ನು ವಾಯುಪಡೆಯ ಆಡಳಿತ ನೋಡಿಕೊಳ್ಳುವ ಸಚಿವಾಲಯದ ಅಧೀನಕ್ಕೆ ತಂದಿತು. ಸೇನೆಯ ನೆರಳಿನಲ್ಲಿ ಕೆಲಸ ಮಾಡುವುದು ತಮ್ಮ ಅಂತಃಸಾಕ್ಷಿಗೆ ಒಗ್ಗದೆಂದು ರಿಚರ್ಡ್‌ಸನ್ನರು ರಾಜೀನಾಮೆಯಿತ್ತರು. ಲಂಡನ್ನಿನಲ್ಲಿ ಅಧ್ಯಾಪಕರ ತರಬೇತಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತ, ಬಿಡುವಿನ ವೇಳೆಯಲ್ಲಿ ಗಾಳಿಯ ಸುಳಿಗಳ ಅಧ್ಯಯನವನ್ನು ಮುಂದುವರಿಸಿದರು. 1926ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವದ ಗೌರವವೂ ಬಂದಿತು.

ಆದರೆ ಹೊಗೆಯು ಗಾಳಿಯಲ್ಲಿ ಹೇಗೆ ಹರಡುತ್ತದೆಂದು ತಿಳಿದರೆ ವಿಷಾನಿಲವು ಹೇಗೆ ಹರಡುತ್ತದೆಂದೂ ತಿಳಿದಂತೆಯೇ. ತಮ್ಮ ಸಂಶೋಧನೆಯಲ್ಲಿ ಎಲ್ಲರಿಗಿಂತ ಹೆಚ್ಚು ಆಸಕ್ತಿ ತೋರುತ್ತಿರುವವರು ವಿಷಾನಿಲದ ತಜ್ಞರೇ ಎಂಬುದು ಅವರ ಗಮನಕ್ಕೆ ಬಂದಿತು. ಆಗ ಅವರು ಹವಾಮಾನದ ಸಂಶೋಧನೆಯನ್ನು ನಿಲ್ಲಿಸಿದರು. ಪ್ರಕಟವಾಗದೆ ಉಳಿದಿದ್ದ ಬರಹಗಳನ್ನು ನಾಶಪಡಿಸಿದರು. ಅವರ ಪತ್ನಿ ಡೊರೊತಿಯವರು ಅದನ್ನು ಎದೆಯೊಡೆದ ಕಾಲವೆಂಬಂತೆ ನೆನೆದಿದ್ದಾರೆ. ಇಪ್ಪತ್ತು ವರ್ಷ ಬೆಳೆಸಿದ ತೋಟವನ್ನು, ಅದರ ಹಣ್ಣು ನಂಜಾಗುತ್ತದೆಂದು ತಿಳಿದು ತಾನೇ ಕಡಿದುಹಾಕಿದ ತೋಟಗಾರನ ಸ್ಥಿತಿಯದು. ವಿದ್ಯೆಯನ್ನು ಗಳಿಸಿದವರ ಚರಿತ್ರೆಗಳು ಹಲವು. ಗಳಿಸಿದ ವಿದ್ಯೆಯನ್ನು ಧರ್ಮಕ್ಕಾಗಿ ಕೈಬಿಟ್ಟವರ ಚರಿತ್ರೆಗಳು ವಿರಳ.

ಕೈಬಿಟ್ಟ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ನಲವತ್ತು ದಾಟಿದ ಮೇಲೆ ಮತ್ತೆ ವಿದ್ಯಾರ್ಥಿಯಾಗಿ, 1929ರಲ್ಲಿ ಲಂಡನ್ ವಿಶ್ವವಿದ್ಯಾಲಯದಿಂದ ಮನಃಶಾಸ್ತ್ರದ ಪದವಿಯನ್ನು ಪಡೆದರು. ಅದೇ ವರ್ಷ ಸ್ಕಾಟ್ಲೆಂಡಿನ ಪೇಸ್ಲಿ ತಾಂತ್ರಿಕ ಕಾಲೇಜಿನ ಪ್ರಾಂಶುಪಾಲರಾದರು. ಆಡಳಿತವೂ ಪಾಠವೂ ಹಗಲೆಲ್ಲ ಹೀರಿಕೊಳ್ಳುವ ಹುದ್ದೆ ಎಷ್ಟು ಭಾರವೆಂಬುದು ಶಾಲೆ ನಡೆಸಿದ ನಮ್ಮಂಥವರಿಗೆ ಗೊತ್ತು. ಅದನ್ನು ನಿಭಾಯಿಸಿ, ಉಳಿದ ಸಂಜೆ ರಜೆಗಳಲ್ಲಿ ಅವರು ಕೈಗೆತ್ತಿಕೊಂಡ ವಿಷಯ, ಮನುಷ್ಯರು ಗುಂಪುಗೂಡಿ ಒಬ್ಬರನ್ನೊಬ್ಬರು ಏಕೆ ಕೊಲ್ಲುತ್ತಾರೆ ಎಂಬುದು. ಗಾಯಾಳುಗಳನ್ನು ಹೊರುತ್ತಿದ್ದ ದಿನಗಳಲ್ಲಿಯೇ ಈ ಪ್ರಶ್ನೆ ಅವರಲ್ಲಿ ಮೊಳೆತಿತ್ತು. ಯುದ್ಧದ ಮನಃಶಾಸ್ತ್ರವನ್ನು ಗಣಿತದಲ್ಲಿ ಹೇಳುವ ಕಿರುಹೊತ್ತಗೆಯೊಂದನ್ನು 1919ರಲ್ಲಿಯೇ ಸ್ವಂತ ಖರ್ಚಿನಲ್ಲಿ 300 ಪ್ರತಿ ಮುದ್ರಿಸಿ, ಆಂಬುಲೆನ್ಸ್ ದಳದ ಸಂಗಾತಿಗಳಿಗೆ ಅರ್ಪಿಸಿದ್ದರು.

ಒಳ್ಳೆಯ ವೈದ್ಯನು ನಾಡಿಯೊಂದನ್ನೇ ನೋಡಿ ಮದ್ದು ಕೊಡುವುದಿಲ್ಲ. ಊಟ, ನಿದ್ರೆ, ಮನೆಯ ಚಿಂತೆ ಎಲ್ಲವನ್ನೂ ವಿಚಾರಿಸುತ್ತಾನೆ. ರಿಚರ್ಡ್‌ಸನ್ನರು ಯುದ್ಧವೆಂಬ ರೋಗವನ್ನು ನೋಡಿದ್ದು ಹೀಗೆಯೇ. 1820ರಿಂದೀಚಿನ ಮಾರಣಾಂತಿಕ ಜಗಳಗಳನ್ನೆಲ್ಲ ಕಲೆಹಾಕಿ, ಸತ್ತವರ ಸಂಖ್ಯೆಗೆ ಅನುಗುಣವಾಗಿ ದರ್ಜೆಗಳಾಗಿ ವಿಂಗಡಿಸಿದರು. ಸಾವಿನ ಸಂಖ್ಯೆ ಹತ್ತು ಪಟ್ಟಾದಾಗ ದರ್ಜೆ ಒಂದು ಮೆಟ್ಟಿಲು ಏರುತ್ತದೆ. ಒಬ್ಬನ ಕೊಲೆ ಸೊನ್ನೆಯ ದರ್ಜೆ. ಏಳನೆಯ ದರ್ಜೆ ಮುಟ್ಟಿದವು ಎರಡು ಮಹಾಯುದ್ಧಗಳು ಮಾತ್ರ. ಬೀದಿಯ ಕೊಲೆಯನ್ನೂ ಮಹಾಯುದ್ಧವನ್ನೂ ಒಂದೇ ಅಳತೆಗೋಲಿನ ಮೇಲೆ ನಿಲ್ಲಿಸುವ ಧೈರ್ಯ ಅವರದು. ಅನಂತರ ಹಣ, ಭಾಷೆ, ಮತ, ನೆರೆಹೊರೆ, ಹಳೆಯ ಸೇಡು ಹೀಗೆ ಒಂದೊಂದು ಕಾರಣವನ್ನೂ ಲೆಕ್ಕಕ್ಕೆ ತಂದು ಪರೀಕ್ಷಿಸಿದರು.

ಶಸ್ತ್ರಾಸ್ತ್ರಗಳ ಪೈಪೋಟಿಯನ್ನು ಅವರು ಎರಡೇ ಸಮೀಕರಣಗಳಲ್ಲಿ ಹಿಡಿದರು. ಒಂದು ದೇಶದ ಆಯುಧ ಎದುರಾಳಿಯ ಆಯುಧವನ್ನು ನೋಡಿ ಹೆಚ್ಚುತ್ತದೆ, ತನ್ನ ಖರ್ಚಿನ ಭಾರದಿಂದ ತಗ್ಗುತ್ತದೆ, ಹಳೆಯ ಅಸಮಾಧಾನದಿಂದ ಮತ್ತೆ ಏರುತ್ತದೆ. ಅಕ್ಕಪಕ್ಕದ ಇಬ್ಬರು ಒಬ್ಬರನ್ನೊಬ್ಬರು ನೋಡಿ ಗೋಡೆ ಎತ್ತರಿಸುತ್ತ ಹೋಗುವಂತೆ. 1909ರಿಂದ 1913ರವರೆಗಿನ ಯುರೋಪಿನ ಸೇನಾ ವೆಚ್ಚದ ಅಂಕಿಗಳು ಈ ಸಮೀಕರಣಕ್ಕೆ ಅಚ್ಚರಿಯಾಗುವಷ್ಟು ಚೆನ್ನಾಗಿ ಹೊಂದಿಕೊಂಡವು. ಹಾಗಾದರೆ ಯುದ್ಧವು ವಿಧಿಯೇ? ಅಲ್ಲವೆನ್ನುತ್ತಾರೆ ರಿಚರ್ಡ್‌ಸನ್. ಜನರು ನಿಂತು ಯೋಚಿಸದೇ ಹೋದರೆ ಏನಾಗುವುದೋ ಅದನ್ನಷ್ಟೇ ಈ ಸಮೀಕರಣಗಳು ಹೇಳುತ್ತವೆ ಎಂಬುದು ಅವರ ಎಚ್ಚರಿಕೆ. ಅವರ ಔಷಧಿಯ ಚೀಟಿಯಲ್ಲಿರುವುದು ಇದೊಂದೇ ಮದ್ದು: ನಿಂತು ಯೋಚಿಸುವುದು.

ಇನ್ನು ಗಡಿಯ ಮಾತು. ಹೆಚ್ಚು ದೇಶಗಳೊಡನೆ ಗಡಿ ಹಂಚಿಕೊಂಡ ದೇಶವು ಹೆಚ್ಚು ಯುದ್ಧಗಳಲ್ಲಿ ತೊಡಗಿರುವುದು ಅವರ ಅಂಕಿಗಳಲ್ಲಿ ಕಂಡುಬಂದಿತು. ಹಾಗಾಗಿ ಗಡಿಗಳ ಉದ್ದವನ್ನು ಅಳೆಯಹೊರಟರು. ಸ್ಪೇನ್ ಮತ್ತು ಪೋರ್ಚುಗಲ್ ನಡುವಣ ಗಡಿ ಒಂದು ಕಡೆ 987 ಕಿಲೋಮೀಟರ್, ಇನ್ನೊಂದು ಕಡೆ 1,214 ಕಿಲೋಮೀಟರ್ ಎಂದು ದಾಖಲಾಗಿತ್ತು. ಹಾಲೆಂಡ್ ಮತ್ತು ಬೆಲ್ಜಿಯಮ್ ನಡುವೆ 380 ಮತ್ತು 449. ಇದರಲ್ಲಿ ಮೋಸವೇನೂ ಇರಲಿಲ್ಲ. ಅಂಕುಡೊಂಕಾದ ಹಳ್ಳದ ದಂಡೆಯ ಹೊಲವನ್ನು ತಲಾಠಿಯು ಸರಪಳಿ ಹಿಡಿದು ಅಳೆದರೆ ಬರುವ ಉದ್ದಕ್ಕಿಂತ, ಅದೇ ದಂಡೆಯ ಮೇಲೆ ಇರುವೆ ನಡೆದ ದಾರಿ ಎಷ್ಟೋ ಹೆಚ್ಚು. ಅಳತೆಗೋಲು ಚಿಕ್ಕದಾದಷ್ಟೂ ಗಡಿ ಉದ್ದವಾಗುತ್ತ ಹೋಗುತ್ತದೆ. ಅವರ ಮರಣಾನಂತರ 1961ರಲ್ಲಿ ಪ್ರಕಟವಾದ ಈ ವಿಚಾರವನ್ನು ಮ್ಯಾಂಡೆಲ್‌ಬ್ರಾಟ್ ಎಂಬ ಗಣಿತಜ್ಞರು ಎತ್ತಿಕೊಂಡು, 1967ರಲ್ಲಿ ಬ್ರಿಟನ್ನಿನ ಕರಾವಳಿಯ ಉದ್ದವೆಷ್ಟು ಎಂಬ ಪ್ರಸಿದ್ಧ ಪ್ರಬಂಧವನ್ನು ಬರೆದರು. ಫ್ರ್ಯಾಕ್ಟಲ್ ಎಂಬ ಹೊಸ ಗಣಿತಕ್ಕೆ ಅದು ನಾಂದಿಯಾಯಿತು.

ನಮಗೆ ಇದರ ಅರ್ಥ ಗಣಿತವನ್ನು ಮೀರಿದ್ದು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಕ್ಷೆಯ ಮೇಲೆ ಎಳೆದ ಗೆರೆ ದೂರದಿಂದ ನೋಡಿದವರಿಗೆ ನೇರವಾಗಿಯೂ ಚಿಕ್ಕದಾಗಿಯೂ ಕಂಡಿತು. ಇರುವೆಯಂತೆ ಅದರ ಮೇಲೆ ನಡೆದವರು ನಾವು. ಒಂದೊಂದು ಓಣಿಯಲ್ಲಿ, ಒಂದೊಂದು ಶಾಲೆಯಲ್ಲಿ, ಮಗಳನ್ನು ಕೊಟ್ಟ ಒಂದೊಂದು ಮನೆಯಲ್ಲಿ ಆ ಗೆರೆ ಎಷ್ಟು ತಿರುವುಗಳನ್ನು ತೆಗೆದುಕೊಂಡಿದೆಯೆಂಬುದು ನಮಗೇ ಗೊತ್ತು. ರಿಚರ್ಡ್‌ಸನ್ನರ ಇನ್ನೊಂದು ಕಾಣ್ಕೆಯೂ ಸಂಘದವರಾದ ನಮ್ಮನ್ನು ಯೋಚನೆಗೆ ಹಚ್ಚಬೇಕು. ಎಲ್ಲರೂ ಒಂದೇ ಭಾಷೆಯನ್ನಾಡಿದರೆ ಜಗಳವೇ ಇರದೆಂದು ನಂಬಿದ್ದವರಿದ್ದರು. ಒಂದೇ ಭಾಷೆಯಿಂದ ಯುದ್ಧಗಳು ಕಡಿಮೆಯಾದದ್ದು ಅವರ ಅಂಕಿಗಳಲ್ಲಿ ಸಾಮಾನ್ಯವಾಗಿ ಕಾಣಲಿಲ್ಲ. ನಮ್ಮ ಅನುಭವ ಇದರ ಇನ್ನೊಂದು ಮುಖವನ್ನು ತೋರಿಸುತ್ತದೆ. ಕನ್ನಡದ ಮನೆಯೂ ಮರಾಠಿಯ ಮನೆಯೂ ಒಂದೇ ಬಾವಿಯ ನೀರು ಸೇದಿ, ಒಂದೇ ಜಾತ್ರೆಯ ತೇರೆಳೆದು ತಲೆಮಾರುಗಳನ್ನು ಕಳೆದಿವೆ. ತಾಯ್ನುಡಿಯನ್ನು ಎದೆಗಪ್ಪಿ ಹಿಡಿಯೋಣ, ಅದು ನಮ್ಮ ಹಕ್ಕು. ಸೌಹಾರ್ದವನ್ನು ಮಾತ್ರ ಅದಕ್ಕೆಂದು ಬೇರೆಯಾಗಿಯೇ ದುಡಿದು ಗಳಿಸಬೇಕು.

1940ರಲ್ಲಿ ರಿಚರ್ಡ್‌ಸನ್ನರು ಪ್ರಾಂಶುಪಾಲ ಹುದ್ದೆಯಿಂದ ಅವಧಿಗೆ ಮುನ್ನವೇ ನಿವೃತ್ತರಾಗಿ, ಉಳಿದ ಆಯುಷ್ಯವನ್ನು ಈ ಅಧ್ಯಯನಕ್ಕೇ ಮೀಸಲಿಟ್ಟರು. ಯುದ್ಧಗಳನ್ನು ಕುರಿತ ಅವರ ಎರಡು ಮಹಾಗ್ರಂಥಗಳು ಅವರು ಬದುಕಿದ್ದಾಗ ಮೈಕ್ರೊಫಿಲ್ಮ್ ರೂಪದಲ್ಲಷ್ಟೇ ಹೊರಬಂದವು, ಪುಸ್ತಕಗಳಾದದ್ದು 1960ರಲ್ಲಿ. ಒಂದು ಸಂತೋಷ ಮಾತ್ರ ಅವರ ಪಾಲಿಗಿತ್ತು. 1950ರಲ್ಲಿ ಅಮೆರಿಕದ ಎನಿಯಾಕ್ ಗಣಕಯಂತ್ರದಿಂದ ಚಾರ್ನಿ ಮತ್ತು ಸಂಗಡಿಗರು 24 ಗಂಟೆಗಳ ಮುನ್ಸೂಚನೆಯನ್ನು ಯಶಸ್ವಿಯಾಗಿ ಲೆಕ್ಕ ಹಾಕಿದ ವಾರ್ತೆ ಅವರಿಗೆ ತಲುಪಿತು. ಅವರು ಚಾರ್ನಿಯವರಿಗೆ ಅಭಿನಂದನೆಯ ಪತ್ರ ಬರೆದರು. 1953ರ ಸೆಪ್ಟೆಂಬರ್ 30ರಂದು ಸ್ಕಾಟ್ಲೆಂಡಿನ ಕಿಲ್‌ಮನ್ ಎಂಬ ಹಳ್ಳಿಯಲ್ಲಿ, ತಮ್ಮ 71ನೆಯ ವಯಸ್ಸಿನಲ್ಲಿ, ನಿದ್ರೆಯಲ್ಲಿಯೇ ತೀರಿಕೊಂಡರು. ಇಂದು ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಶಾಂತಿ ಅಧ್ಯಯನ ಸಂಸ್ಥೆ ಅವರ ಹೆಸರನ್ನು ಹೊತ್ತಿದೆ. ಗಾಳಿಯ ಕಲಕಾಟವನ್ನು ಅಳೆಯುವ ಒಂದು ಸಂಖ್ಯೆಯೂ ಅವರ ಹೆಸರಿನಲ್ಲಿದೆ.

ಹತ್ತನೆಯ ಇಯತ್ತೆಯ ಫಲಿತಾಂಶ ಬಂದೊಡನೆ, ಮುಂದೆ ಯಾವ ಲೈನ್ ಹಿಡಿಸೋಣ ಸರ್, ಎಂದು ಕೇಳಿಕೊಂಡು ಬಂದ ಪಾಲಕರನ್ನು ನಮ್ಮ ಸೇವಾವಧಿಯಲ್ಲಿ ನೂರಾರು ಸಲ ಕಂಡಿದ್ದೇವೆ. ಹಿಡಿದ ದಾರಿ ನೆಟ್ಟಗೆ ನೌಕರಿಗೇ ಮುಟ್ಟಬೇಕೆಂಬ ಅವರ ಆತಂಕ ಸುಳ್ಳಲ್ಲ. ಆದರೆ ಗಡಿನಾಡಿನ ಕನ್ನಡ ಶಾಲೆಯ ಮಗುವಿನ ದಾರಿ ಮೊದಲಿನಿಂದಲೂ ತಿರುವುಗಳದೇ. ಹತ್ತರವರೆಗೆ ಕನ್ನಡದಲ್ಲಿ ಓದಿ, ಕಾಲೇಜಿನಲ್ಲಿ ಮರಾಠಿಗೋ ಇಂಗ್ಲಿಷಿಗೋ ಹೊರಳಿ, ಹೊಟ್ಟೆಪಾಡಿಗೆ ಪುಣೆಗೋ ವಿಜಯಪುರಕ್ಕೋ ಹೋಗುವ ಮಕ್ಕಳು ನಮ್ಮವರು. ಅವರಿಗೆ ಈ ಚರಿತ್ರೆಯನ್ನು ಹೇಳಿ. ಜವುಗು ನೆಲದಲ್ಲಿ ಕಲಿತದ್ದು ಆಕಾಶದಲ್ಲಿ ಕೆಲಸಕ್ಕೆ ಬಂದಿತು. ಆಕಾಶದಲ್ಲಿ ಕಲಿತದ್ದು ಮನುಷ್ಯರ ಜಗಳದಲ್ಲಿ ಕೆಲಸಕ್ಕೆ ಬಂದಿತು. ಹುದ್ದೆ ಬದಲಾದಾಗ ಕಲಿಕೆ ಜೊತೆಯಲ್ಲೇ ನಡೆದುಬಂದಿತು. ದಾರಿ ತಿರುಗಿತೆಂದು ಅಳುಕಬೇಕಾಗಿಲ್ಲ, ಯಾವ ಕಾರಣಕ್ಕೆ ತಿರುಗಿತೆಂಬುದನ್ನು ನೋಡಬೇಕು. ರಿಚರ್ಡ್‌ಸನ್ನರ ದಾರಿ ಪ್ರತಿಸಲವೂ ಪ್ರಾಣ ಉಳಿಸುವ ಕಡೆಗೇ ತಿರುಗಿತು.

ಸಮ್ಮೇಳನಕ್ಕೆ ನೆರೆದ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಇಂಥ ಬದುಕುಗಳ ಚರಿತ್ರೆ ನಮ್ಮ ಶಾಲೆಗಳ ವಾಚನಾಲಯಗಳಲ್ಲಿ ಕನ್ನಡದಲ್ಲಿ ಸಿಗುವಂತಾಗಬೇಕು. ಸಾವಿರ ವರ್ಷದ ಹಿಂದೆ ನೀರಿನ ಸೆಲೆಯನ್ನೂ ವಿಷಕ್ಕೆ ಮದ್ದನ್ನೂ ಒಂದೇ ಹೊತ್ತಗೆಯಲ್ಲಿ ಹೇಳಬಲ್ಲದ್ದಾಗಿದ್ದ ನಮ್ಮ ನುಡಿಗೆ ಇದು ದೊಡ್ಡ ಕೆಲಸವೇನಲ್ಲ.